ಬಾಗಿಲ ಆಚೆ ಏನಿದೆ ಹೇಳಿ

ಕೀ ಮಾಡುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಯಂತ್ರ ನಡೆಸುವುದನ್ನು ಯಾರಾದರೂ ಎರಡು ವಾರದಲ್ಲಿ ಹೇಳಿಕೊಡುತ್ತಾರೆ. ನಾನು ಹೇಳಹೊರಟಿರುವುದು ಬೇರೆ. ವಿಜಯನಗರ, ಚಂದ್ರಾ ಲೇಔಟ್, ಬಸವೇಶ್ವರನಗರದ ಬಾಗಿಲುಗಳ ಮುಂದೆ ಮೂವತ್ತೇಳು ವರ್ಷ ಮಂಡಿಯೂರಿ ಕೂತವನು ನಾನು. ಮಂಡಿ ಇನ್ನು ಆಗುವುದಿಲ್ಲ ಅಂದ ಮೇಲೆಯೇ ಬಿಟ್ಟದ್ದು. ಅಷ್ಟು ವರ್ಷದಲ್ಲಿ ನನಗೆ ಗೊತ್ತಾದದ್ದು ಇಷ್ಟು: ಕೀ ಕಳೆದುಹೋಯಿತು ಅಂತ ಓಡಿ ಬರುವವರಲ್ಲಿ ಹೆಚ್ಚಿನವರ ಕೀ ಕಳೆದಿರುವುದಿಲ್ಲ. ಅದು ತನ್ನ ಪಾಡಿಗೆ ಎಲ್ಲೋ ಇರುತ್ತದೆ. ಕಳೆದಿರುವುದು ಗಿರಾಕಿಯ ನೆನಪು. ಅದಕ್ಕೆ ಡೂಪ್ಲಿಕೇಟ್ ಮಾಡುವ ಯಂತ್ರ ಇನ್ನೂ ಬಂದಿಲ್ಲ.

ಬಸವೇಶ್ವರನಗರದಲ್ಲಿ ಒಬ್ಬ ನಿವೃತ್ತ ತಹಶೀಲ್ದಾರರ ಮನೆಗೆ ಹೋಗಿದ್ದೆ. ಬಾಗಿಲಿಗೆ ಬೀಗ, ಕೀ ಎಲ್ಲೂ ಇಲ್ಲ. ಪೋರ್ಟಿಕೋದಲ್ಲಿ ಬೆಳಕು ಕಡಿಮೆ ಇತ್ತು. ಅವರು ಪಾಪ ಎಡಗೈಯಲ್ಲಿ ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ನನ್ನ ಪಕ್ಕದಲ್ಲೇ ನಿಂತರು. ಬಲಗೈಯಲ್ಲಿ ಆಗಾಗ ಕಿವಿ ತುರಿಸಿಕೊಳ್ಳುತ್ತಿದ್ದರು. ಹಳೆಯ ಲಿವರ್ ಬೀಗ, ಬಹಳ ಸತಾಯಿಸಿತು. ಕೊನೆಗೆ ತೆರೆದುಕೊಂಡಾಗ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಬೆನ್ನು ತಟ್ಟಿ ಒಳಗೆ ಹೋದವರೇ ಬಾಗಿಲ ಪಕ್ಕದ ಕೊಕ್ಕೆಗೆ ಬಲಗೈಯಲ್ಲಿದ್ದ ಕೀ ನೇತುಹಾಕಿದರು. ಹಾಕಿದ ಮೇಲೆ ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

ಅವರು ನಿಧಾನವಾಗಿ ನನ್ನ ಕಡೆ ತಿರುಗಿ, ಇದು ಎಲ್ಲಿತ್ತು ಅಂತ ಕೇಳಿದರು. ತಮ್ಮ ಕಿವಿಯಲ್ಲಿತ್ತು ಅನ್ನುವ ಧೈರ್ಯ ನನಗೆ ಬರಲಿಲ್ಲ.

ಅವರದ್ದೇ ತಪ್ಪು ಅಂತ ಬಹಳ ದಿನ ನಗುತ್ತಿದ್ದೆ. ಆಮೇಲೆ ಹೊಳೆಯಿತು, ಆ ಮುಕ್ಕಾಲು ಗಂಟೆಯಲ್ಲಿ ನಾನೂ ಆ ಕೀಯನ್ನು ಹತ್ತು ಸಲವಾದರೂ ನೋಡಿದ್ದೆ. ಕೀ ಮಾಡುವುದೇ ನನ್ನ ಕಸುಬು. ಆದರೂ ನನ್ನ ಕಣ್ಣಿಗೆ ಅದು ಬೀಳಲಿಲ್ಲ. ಒಂದು ವಸ್ತು ಇಲ್ಲ ಅಂತ ಒಬ್ಬರು ಗಟ್ಟಿಯಾಗಿ ನಂಬಿದರೆ ಪಕ್ಕದಲ್ಲಿರುವವನಿಗೂ ಅದು ಕಾಣುವುದಿಲ್ಲ.

ನನಗೆ ಕಸುಬು ಕಲಿಸಿದವರು ಗಫೂರ್ ಸಾಬ್. ದಾವಣಗೆರೆ ಕಡೆಯಿಂದ ಪಿಯುಸಿ ಫೇಲಾಗಿ ಬಂದ ನಾನು ರಾಜಾಜಿನಗರದ ಸೋದರಮಾವನ ಮನೆಯಲ್ಲಿದ್ದೆ. ವಿಜಯನಗರದ ಒಂದು ಬಸ್ ಸ್ಟಾಪಿನ ಹಿಂದೆ, ಕರಿ ಛತ್ರಿಯ ಕೆಳಗೆ, ಗಫೂರ್ ಸಾಬರ ಮಡಚುವ ಮೇಜು. ಮೇಜಿನ ಮೇಲೆ ಕೀ ಕಚ್ಚಿ ಹಿಡಿಯುವ ಒಂದು ವೈಸು, ಎಂಟು ಅರಗಳು, ತಂತಿಗೆ ಪೋಣಿಸಿದ ಸಾವಿರಾರು ಹಳೆಯ ಕೀ. ಯಂತ್ರ ಇರಲಿಲ್ಲ, ಎಲ್ಲ ಕೈಯಲ್ಲೇ ಅರದಿಂದ ತೀಡಬೇಕು. ಒಂದು ಸಲ ನೋಡಿದ ಕೀಯ ಹಲ್ಲುಗಳನ್ನು ಅವರು ಎರಡು ವರ್ಷ ಬಿಟ್ಟು ಕೇಳಿದರೂ ಹಾಗೇ ತೀಡಿಕೊಡುತ್ತಿದ್ದರು. ಅದೇ ಮನುಷ್ಯನಿಗೆ ನನ್ನ ಹೆಸರು ಮಾತ್ರ ನೆನಪಿರಲಿಲ್ಲ. ನಾನು ಬಸವರಾಜ. ಅವರಿಗೆ ಮೊದಲ ದಿನದಿಂದಲೂ ಬಾಬಣ್ಣ. ಮೂರು ಸಲ ತಿದ್ದಿದೆ, ನಾಲ್ಕನೆಯ ಸಲ ಬಿಟ್ಟೆ. ಹನ್ನೊಂದು ವರ್ಷ ಬಾಬಣ್ಣನಾಗಿಯೇ ಇದ್ದೆ. ನನ್ನ ಮದುವೆಗೆ ಬಂದವರು ಕರೆಯೋಲೆಯಲ್ಲಿ ಬಸವರಾಜ ಅಂತ ಇರುವುದನ್ನು ನೋಡಿ, ಇದು ಬೇರೆ ಮದುವೆ ಇರಬೇಕು ಅಂತ ಊಟ ಮಾಡದೆ ಹೊರಟಿದ್ದರು. ನಾನೇ ಓಡಿಹೋಗಿ ಕರೆತಂದೆ.

ಅವರು ನನಗೆ ಹೇರಿದ ಕಟ್ಟುನಿಟ್ಟಿನ ನಿಯಮ ಒಂದೇ. ಬಾಗಿಲು ತೆರೆಯುವ ಮೊದಲು ಆ ಮನೆ ಕರೆದವರದ್ದೇ ಅಂತ ಖಾತ್ರಿ ಮಾಡಿಕೊಳ್ಳಬೇಕು.

"ಬಾಗ್ಲು ತೆಗ್ಯೋದು ಏನ್ ದೊಡ್ಡ್ ಕೆಲ್ಸ ಅಲ್ಲ ಬಾಬಣ್ಣ. ಯಾರ್ದು ಬಾಗ್ಲು, ಅದು ತಿಳ್ಕೋ ಪೈಲೇ. ಒಳಗೆ ಏನದೆ ಅಂತ ಕೇಳು. ಮನೆಯವ್ರು ಆದ್ರೆ ಹೇಳ್ತಾರೆ, ಕಳ್ಳ ಆದ್ರೆ ತಡವರಿಸ್ತಾನೆ."

ಕೇಳಲು ಬಹಳ ಬುದ್ಧಿವಂತಿಕೆಯ ನಿಯಮ. ರಾಜಾಜಿನಗರದ ಒಂದು ಮನೆಗೆ ಮೊದಲ ಸಲ ಒಬ್ಬನೇ ಹೋದಾಗ ಅದನ್ನು ಶಿಸ್ತಾಗಿ ಪಾಲಿಸಿದೆ. ಗಂಡ ಹೆಂಡತಿ ಇಬ್ಬರೂ ಮದುವೆ ಮನೆಯಿಂದ ಬಂದು ಬಾಗಿಲ ಹೊರಗೆ ನಿಂತಿದ್ದರು. ಬಾಗಿಲು ತೆಗೆದ ತಕ್ಷಣ ಕಾಣುವ ಎದುರು ಗೋಡೆಯ ಮೇಲೆ ಏನಿದೆ ಅಂತ ಕೇಳಿದೆ. ಗಂಡ ಕ್ಯಾಲೆಂಡರ್ ಅಂದರು. ಹೆಂಡತಿ ಕನ್ನಡಿ ಅಂದರು. ಕನ್ನಡಿ ಇರುವುದು ರೂಮಿನಲ್ಲಿ, ನಿನಗೆ ಮನೆಯ ಮೇಲೆ ನಿಗಾ ಇಲ್ಲ ಅಂತ ಗಂಡ, ಮನೆಯಲ್ಲಿದ್ದರಲ್ಲವೇ ನಿಮಗೆ ಗೊತ್ತಾಗುವುದು ಅಂತ ಹೆಂಡತಿ. ಮಾತು ಬೆಳೆದು ಅವರ ಮದುವೆಯ ಕಾಲದ ಯಾವುದೋ ಸೀರೆಯ ತನಕ ಹೋಯಿತು. ನನಗೆ ಗಾಬರಿಯಾಯಿತು. ಗಫೂರ್ ಸಾಬರ ಲೆಕ್ಕದಲ್ಲಿ ಇಬ್ಬರೂ ಕಳ್ಳರು. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಬಂದು, ಇವರ ಜಗಳ ದಿನಾ ಇದ್ದದ್ದೇ, ತೆಗಿಯಪ್ಪಾ ಅಂದರು. ಅವರ ಸಾಕ್ಷಿಯ ಮೇಲೆ ತೆಗೆದೆ. ಎದುರು ಗೋಡೆಯಲ್ಲಿ ಆಳೆತ್ತರದ ಒಂದು ಫೋಟೋ, ಅದಕ್ಕೆ ಗಂಧದ ಹಾರ, ಮೇಲೊಂದು ಕೆಂಪು ಬಲ್ಬು. ಅದು ಗಂಡನ ತಂದೆಯದ್ದು. ಆರು ವರ್ಷದಿಂದ ಅಲ್ಲೇ ಇದೆಯಂತೆ. ಗಂಡ ಹೆಂಡತಿ ತಲೆ ತಗ್ಗಿಸಿ ಒಬ್ಬರ ಹಿಂದೆ ಒಬ್ಬರು ಫೋಟೋಗೆ ಕೈಮುಗಿದು ಒಳಗೆ ಹೋದರು.

ಇಂಥದ್ದು ಹತ್ತಾರು ಆದ ಮೇಲೆ ನನಗೆ ಅರ್ಥವಾಯಿತು. ಮನೆಯವರಿಗೆ ಮನೆಯೊಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ದಿನಾ ಕಾಣುವುದನ್ನು ಯಾರೂ ನೋಡುವುದಿಲ್ಲ. ಆದರೂ ಗುರುಗಳು ಹೇಳಿದ ನಿಯಮ, ಹಾಗಾಗಿ ಕೊನೆಯ ತನಕ ಕೇಳುತ್ತಲೇ ಬಂದೆ. ಉತ್ತರ ತಪ್ಪಾದರೆ, ಸರಿ, ಮನೆಯವರೇ ಇರಬೇಕು ಅಂದುಕೊಳ್ಳುತ್ತಿದ್ದೆ.

ನೆನಪಿಟ್ಟುಕೊಳ್ಳಲು ವಿಪರೀತ ಎಚ್ಚರ ವಹಿಸುವವರು ಇನ್ನೂ ಕಷ್ಟ. ಕೆಂಗೇರಿಯಲ್ಲಿ ಒಬ್ಬ ಅಜ್ಜಿ ತನ್ನ ಸ್ಟೀಲ್ ಬೀರುವಿನ ಕೀಯನ್ನು ಮಕ್ಕಳಿಗೂ ಸಿಗದ ಹಾಗೆ ಬಚ್ಚಿಟ್ಟಿದ್ದರು. ಮರೆತುಹೋದೀತು ಅಂತ ಎಲ್ಲಿಟ್ಟಿದ್ದೇನೆ ಅಂತ ಒಂದು ಚೀಟಿಯನ್ನೂ ಬರೆದಿದ್ದರು. ಆಮೇಲೆ ಚೀಟಿ ಎಲ್ಲಿಟ್ಟೆ ಅನ್ನುವುದು ಮರೆಯಿತು. ಮನೆಮಂದಿಯೆಲ್ಲ ಎರಡು ದಿನ ಹುಡುಕಿ, ಹಾಸಿಗೆ ಹೊಲಿಗೆ ಬಿಚ್ಚಿ, ದೇವರ ಪಟಗಳ ಹಿಂದೆಲ್ಲ ಕೈಯಾಡಿಸಿ ಕೊನೆಗೆ ನನ್ನನ್ನು ಕರೆದರು. ಬೀರು ತೆಗೆದೆ. ಒಳಗಿನ ಗುಪ್ತ ಖಾನೆಯಲ್ಲಿ ಮಡಚಿಟ್ಟ ಚೀಟಿ: ಬೀರುವಿನ ಕೀ ರಾಗಿ ಡಬ್ಬದಲ್ಲಿದೆ. ಅಜ್ಜಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿ, ನಾನು ಹೇಳಲಿಲ್ಲವಾ, ಬರೆದಿಟ್ಟಿದ್ದೀನಿ ಅಂತ, ಅಂತ ಮಕ್ಕಳನ್ನು ಗದರಿಕೊಂಡರು.

ಮುಂದೆ ಕೀ ತೀಡುವ ಯಂತ್ರ ಬಂತು. ಅದರ ಹಿಂದೆಯೇ ನಂಬರ್ ಬೀಗ, ಬೆರಳಿಟ್ಟರೆ ತೆಗೆಯುವ ಬೀಗ. ಇನ್ನು ನಮ್ಮ ಕಸುಬು ಮುಗಿಯಿತು ಅಂತ ಎಲ್ಲರೂ ಅಂದರು. ನನಗೆ ಕೆಲಸ ಹೆಚ್ಚೇ ಆಯಿತು. ಕೀಯನ್ನಾದರೆ ಜೇಬಿನಲ್ಲಿ ಹುಡುಕಬಹುದು, ನಂಬರನ್ನು ಎಲ್ಲಿ ಹುಡುಕುವುದು? ತಮ್ಮ ಕ್ಲಿನಿಕ್ಕಿನ ನಂಬರ್ ಬೀಗದ ಮುಂದೆ ತಲೆ ಹಿಡಿದು ಕೂತ ಒಬ್ಬ ಹಲ್ಲಿನ ಡಾಕ್ಟರು ಮದುವೆಯ ದಿನಾಂಕವನ್ನೇ ಇಟ್ಟಿದ್ದೇನೆ ಅಂದರು. ಮದುವೆಯ ದಿನಾಂಕ ಯಾವುದು ಸಾರ್ ಅಂದರೆ, ಅದೇ ಬರ್ತಾ ಇಲ್ಲ ಕಣ್ರೀ ಅಂದರು. ಹೆಂಡತಿಗೆ ಫೋನ್ ಮಾಡಿ ಕೇಳಬಹುದಲ್ಲ ಅಂದೆ. ಅವರು ಎರಡೂ ಕೈ ಮುಗಿದರು. ನಾನು ಬೀಗ ಬಿಚ್ಚಲು ಸಾಮಾನು ಜೋಡಿಸಿಕೊಳ್ಳುತ್ತಾ, ನನ್ನ ಹಿಂದಿನ ದವಡೆ ಹಲ್ಲಿನ ಜುಮ್ಮೆನ್ನುವ ನೋವಿನ ಬಗ್ಗೆ ಕೇಳಿದೆ. ಅವರು ಬೇರಿನ ವಿಷಯ ವಿವರಿಸುತ್ತಾ ವಿವರಿಸುತ್ತಾ ಬಾಗಿಲಿಗೆ ಒರಗಿ, ತಮಗೇ ಗೊತ್ತಿಲ್ಲದೆ ನಾಲ್ಕು ಗುಂಡಿ ಒತ್ತಿದರು. ಬಾಗಿಲು ತೆರೆಯಿತು. ಯಾವ ನಂಬರ್ ಒತ್ತಿದೆ ಅಂತ ಅವರಿಗೆ ಆಗಲೂ ತಿಳಿಯಲಿಲ್ಲ, ಬೆರಳಿಗಷ್ಟೇ ಗೊತ್ತಿತ್ತು. ನಾನು ನೋಡಿಕೊಂಡಿದ್ದೆ. ಹೇಳಿದ ಮೇಲೆ, ಅದು ತಮ್ಮ ಮೊದಲ ಸ್ಕೂಟರಿನ ನಂಬರ್ ಅಂತ ಒಪ್ಪಿಕೊಂಡರು. ಮನೆಯವರಿಗೆ ಹೇಳಬೇಡಿ ಅಂತಲೂ ಸೇರಿಸಿದರು.

ಈಗ ನನ್ನ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ. ಕೆಲಸ ಬಿಡುವುದಕ್ಕೆ ನಾಲ್ಕೈದು ವರ್ಷ ಮೊದಲು ನಡೆದದ್ದು. ಆಗ ಚಂದ್ರಾ ಲೇಔಟಿನ ಒಂದು ದರ್ಶಿನಿಯ ಪಕ್ಕದಲ್ಲಿ ನನ್ನದೇ ಸಣ್ಣ ಅಂಗಡಿ ಇತ್ತು. ಒಂದು ಶನಿವಾರ ಬೆಳಿಗ್ಗೆ ಎಪ್ಪತ್ತೈದರ ಆಸುಪಾಸಿನ ಒಬ್ಬರು ಬಂದರು. ಇಸ್ತ್ರಿ ಮಾಡಿದ ಶರಟು, ಪಾಲಿಶ್ ಮಾಡಿದ ಶೂ, ಕೈಯಲ್ಲಿ ಹೀರೇಕಾಯಿ ಇಣುಕುತ್ತಿದ್ದ ಚೀಲ. ಹೆಸರು ಶಿವಶಂಕರಯ್ಯ, ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮನೆಯ ಬೀಗದಲ್ಲಿ ಕೀ ಮುರಿದುಕೊಂಡಿದೆ ಅಂತ ಕೈಯಲ್ಲಿ ಉಳಿದಿದ್ದ ಅರ್ಧವನ್ನು ತೋರಿಸಿದರು. ಅಲ್ಲೇ ಎರಡು ಕ್ರಾಸ್ ಆಚೆ ಮನೆ. ಜೊತೆಗೇ ನಡೆದು ಹೋದೆವು. ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ಇಸ್ತ್ರಿಯವನು ಎದ್ದು ನಿಂತು, ನಮಸ್ಕಾರ ಸಾರ್, ಬಹಳ ದಿನ ಆಯ್ತು ಅಂದ. ಬಹಳ ದಿನ ಆಯ್ತು ಅಂತ ಯಾಕೆ ಅಂದ ಅಂತ ನಾನು ಯೋಚಿಸಲಿಲ್ಲ.

ಬಾಗಿಲ ಮುಂದೆ ಕೂತು ನನ್ನ ಪ್ರಶ್ನೆ ಕೇಳಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ.

"ಎದುರಿಗೆ ಗೋಡೆ. ಎಡಗಡೆ ಒಂದು ಗೂಡು. ಅದರ ಕೆಳಗೆ ಗಾರೆ ಬಿರುಕು ಬಿಟ್ಟಿತ್ತು, ನಾನೇ ತೇಪೆ ಹಾಕಿಸಿದ್ದು. ಅಡುಗೆಮನೆ ಕಲ್ಲು ಬಲಗಡೆ ಮೂಲೇಲಿ ಕಿತ್ತಿದೆ. ಮಹಡಿಗೆ ಹದಿನೇಳು ಮೆಟ್ಲು, ಹದಿನಾಲ್ಕನೇದು ಮಾತ್ರ ಅರ್ಧ ಇಂಚು ಎತ್ತರ. ಮೇಸ್ತ್ರಿ ಮಾಡಿದ ಎಡವಟ್ಟು. ಒಡೆದು ಕಟ್ಟು ಅಂದ್ರೆ ಅತ್ತುಬಿಟ್ಟ, ಅದಕ್ಕೆ ಸುಮ್ಮನಾದೆ."

ಮೂವತ್ತು ಚಿಲ್ಲರೆ ವರ್ಷದಲ್ಲಿ ಇಷ್ಟು ಚೆನ್ನಾಗಿ ಉತ್ತರ ಕೊಟ್ಟ ಮೊದಲ ಮನುಷ್ಯ. ಗಫೂರ್ ಸಾಬರ ನಿಯಮಕ್ಕೆ ಅಂತೂ ಒಬ್ಬರು ಸಿಕ್ಕರು ಅಂತ ನನಗೆ ಆನಂದವಾಗಿಬಿಟ್ಟಿತು. ಅನುಭವದ ಪ್ರಕಾರ ಅಲ್ಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬೀಗದಿಂದ ಇಕ್ಕಳದಲ್ಲಿ ಎಳೆದು ತೆಗೆದ ಮುರಿದ ತುಂಡು ಹೊಸ ಥರದ ಚಪ್ಪಟೆ ಕೀಯದ್ದು, ಹಲ್ಲಿನ ಬದಲು ಸಣ್ಣ ಸಣ್ಣ ಗುಳಿಗಳಿದ್ದವು. ಆ ಬೀಗವೋ ಹಳೆಯ ಕಾಲದ್ದು. ಆ ಕೀ ಆ ಬೀಗದ್ದಲ್ಲ ಅಂತ ನೋಡಿದ ತಕ್ಷಣ ತಿಳಿಯಿತು. ವಯಸ್ಸಾದವರು, ಯಾವುದೋ ಕೀ ತುರುಕಿದ್ದಾರೆ ಅಂದುಕೊಂಡೆ. ಬೀಗ ಕೆಟ್ಟಿತ್ತು. ಅವರು ಹೇಳಿದಂತೆ ಅದನ್ನು ಕಿತ್ತು ಹೊಸ ಬೀಗ ಕೂರಿಸಿದೆ. ಮೂರು ಕೀ ಕೊಟ್ಟೆ. ಮೂರನ್ನೂ ಪ್ಯಾಂಟಿನ ಜೇಬಿಗೆ ಹಾಕಿ ಮೇಲಿನಿಂದ ಒಮ್ಮೆ ತಟ್ಟಿಕೊಂಡರು.

ಒಳಗೆ ಹೋದವರು ಹಾಲಿನ ನಡುವೆ ನಿಂತು, ಸೋಫಾ ಯಾರು ಬದಲಾಯಿಸಿದರು ಅಂದರು. ಆಮೇಲೆ ತಮಗೆ ತಾವೇ, ಎಲ್ಲ ಗಿರಿಜಾಳದೇ ಕೆಲಸ, ಹೇಳುವುದೂ ಇಲ್ಲ ಕೇಳುವುದೂ ಇಲ್ಲ ಅಂತ ಸಮಾಧಾನ ಮಾಡಿಕೊಂಡರು. ಗಿರಿಜಾ ಅಂದರೆ ಅವರ ಹೆಂಡತಿ. ಗೋಡೆಯ ಮೇಲಿನ ಹಳೆಯ ಕಪ್ಪು ಬಿಳುಪು ಫೋಟೋಗಳಲ್ಲಿ ಯಾರೂ ಅವರನ್ನು ಹೋಲುತ್ತಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು, ಅವಳ ತಮ್ಮನ ಕಡೆಯವರು, ಎಲ್ಲ ಕಡೆ ಅವರದ್ದೇ ಹಾಕುತ್ತಾಳೆ ಅಂದರು. ಮನೆಯಲ್ಲಿ ಕಂಡ ಪ್ರತಿಯೊಂದು ಹೊಸ ವಸ್ತುವಿಗೂ ಅವರ ಹತ್ತಿರ ಕಾರಣ ಸಿದ್ಧವಿತ್ತು. ನನ್ನನ್ನು ಬಲವಂತದಿಂದ ಕೂರಿಸಿ, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕಾಗಿ ತಡಕಾಡಿ, ಎರಡು ಕಪ್ ಕಾಫಿ ಮಾಡಿ ತಂದರು. ಕಾಫಿ ಚೆನ್ನಾಗಿತ್ತು.

ಅರ್ಧ ಕುಡಿದಿದ್ದೆ. ಹೊರಗಿನಿಂದ ಯಾರೋ ಬೀಗಕ್ಕೆ ಕೀ ತಿರುವುವ ಸದ್ದು. ಶಿವಶಂಕರಯ್ಯನವರೇ ಹೋಗಿ ಬಾಗಿಲು ತೆರೆದರು. ನಲವತ್ತು ವರ್ಷದ ಒಬ್ಬ ಹೆಂಗಸು, ಹೆಗಲಿಗೆ ಬ್ಯಾಗು, ತೋಳಲ್ಲಿ ಉತ್ತರಪತ್ರಿಕೆಗಳ ಕಟ್ಟು. ಆಮೇಲೆ ತಿಳಿಯಿತು, ಹೆಸರು ಶೈಲಜಾ, ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಶನಿವಾರ ಅರ್ಧ ದಿನ ಶಾಲೆ.

"ಯಾರು ಬೇಕಿತ್ತಮ್ಮಾ?" ಅಂದರು ಶಿವಶಂಕರಯ್ಯ.

ಆಕೆ ಸಾರಿ ಅಂದು ಎರಡು ಹೆಜ್ಜೆ ಹಿಂದೆ ಸರಿದರು. ಗೇಟಿನ ತನಕ ಹೋಗಿ ಮನೆ ನಂಬರ್ ನೋಡಿದರು. ಇನ್ನೊಮ್ಮೆ ನೋಡಿದರು. ವಾಪಸ್ ಬಂದು, ಇದು ನಮ್ಮ ಮನೆ ಅಂದರು. ಶಿವಶಂಕರಯ್ಯನವರು ಬಹಳ ಮರ್ಯಾದೆಯಿಂದ, ಈ ಕಡೆಯ ಮನೆಗಳೆಲ್ಲ ಒಂದೇ ಥರ ಇವೆ, ನಿಮಗೆ ಎಷ್ಟನೇ ಕ್ರಾಸ್ ಬೇಕು ಅಂತ ವಿಚಾರಿಸಿದರು. ಆಕೆಯ ಕಣ್ಣು ಅವರನ್ನು ದಾಟಿ ಒಳಗೆ ಸೋಫಾದಲ್ಲಿ ಕೂತಿದ್ದ ನನ್ನ ಮೇಲೆ, ನನ್ನ ಕೈಯಲ್ಲಿದ್ದ ಕಪ್ಪಿನ ಮೇಲೆ ಬಿತ್ತು. ಅದು ಆಕೆಯದ್ದೇ ಕಪ್ಪು. ನನಗೆ ಎಲ್ಲಿ ಇಡಬೇಕು ಅಂತ ತೋಚದೆ ಎದ್ದು ನಿಂತು ಉಳಿದದ್ದನ್ನು ಕುಡಿದುಬಿಟ್ಟೆ.

ಎದುರು ಮನೆಗೆ ಹಿಂದಿನ ವಾರವಷ್ಟೇ ಬಂದಿದ್ದವರು ಫೋನ್ ಮಾಡಿದ್ದರಿಂದ ಹತ್ತು ನಿಮಿಷದಲ್ಲಿ ಒಬ್ಬ ಪೇದೆ ಬೈಕಿನಲ್ಲಿ ಬಂದರು. ಬಾಗಲಕೋಟೆ ಕಡೆಯ ಯುವಕ, ಒಳ್ಳೆಯ ಮನುಷ್ಯ, ಎಲ್ಲವನ್ನೂ ಕ್ರಮವಾಗಿ ವಿಚಾರಿಸುವ ಸ್ವಭಾವ. ಮನೆ ಯಾರದ್ದು ಅಂತ ಕೇಳಿದರೆ ಇಬ್ಬರೂ ನಮ್ಮದು ಅಂದರು. ಕೀ ಯಾರ ಹತ್ತಿರ ಇದೆ ಅಂದರು. ಶೈಲಜಾ ಟೀಚರ್ ತಮ್ಮ ಕೀ ತೋರಿಸಿದರು, ಅದು ಬೀಗಕ್ಕೆ ಹೊಂದಲಿಲ್ಲ. ಶಿವಶಂಕರಯ್ಯನವರು ಜೇಬಿನಿಂದ ಮೂರು ತೆಗೆದರು, ಮೂರೂ ಹೊಂದಿದವು. ಇಸ್ತ್ರಿಯವನನ್ನು ಕರೆಸಿದರು. ಅವನು ಸಾರ್ ಮನೆಯ ಬಟ್ಟೆಯನ್ನೂ ಇಸ್ತ್ರಿ ಮಾಡಿದ್ದೀನಿ, ಮೇಡಂ ಮನೆಯ ಬಟ್ಟೆಯನ್ನೂ ಮಾಡ್ತೀನಿ ಅಂದು ಯಾರಿಗೂ ಬೇಜಾರಾಗದ ಹಾಗೆ ಹೊರಟುಹೋದ.

ಪೇದೆ ನನ್ನ ಕಡೆ ತಿರುಗಿ, ನೀ ಹ್ಯಾಂಗ ಬಾಗ್ಲಾ ತೆಗದಿ ಅಂತ ಕೇಳಿದರು. ನಾನು ಹೆದರಿ ನನ್ನ ನಿಯಮ, ಶಿವಶಂಕರಯ್ಯನವರು ಕೊಟ್ಟ ಉತ್ತರ ಎರಡನ್ನೂ ಹೇಳಿದೆ. ಅವರಿಗೆ ಅದು ಹಿಡಿಸಿಬಿಟ್ಟಿತು. ಟೀಚರನ್ನು ಹೊರಗೇ ನಿಲ್ಲಿಸಿ ಪರೀಕ್ಷೆ ಶುರುಮಾಡಿದರು.

"ಮ್ಯಾಡಂ, ಮಹಡಿಗಿ ಎಷ್ಟ ಮೆಟ್ಲ ಅದಾವ್ರಿ?"

"ಹದಿನೈದು... ಇಲ್ಲ, ಇಪ್ಪತ್ತಿರಬೇಕು."

ಅಡುಗೆ ಕಲ್ಲಿನ ಯಾವ ಮೂಲೆ ಕಿತ್ತಿದೆ ಅಂದರೆ, ಕಿತ್ತೇ ಇಲ್ಲ ಅಂದರು. ಬಚ್ಚಲ ಟೈಲ್ಸಿನ ಬಣ್ಣ ಕೇಳಿದರೆ ನೀಲಿ ಅಂದರು. ಶಿವಶಂಕರಯ್ಯನವರು ಪಕ್ಕದಿಂದ, ಹಸಿರು ಕಣಮ್ಮ, ಅಂತ ಮೃದುವಾಗಿ ತಿದ್ದಿದರು. ಪೇದೆ ಹೋಗಿ ನೋಡಿ ಬಂದರು. ಹಸಿರು. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಸ್ನಾನ ಮಾಡಿದ ಹೆಂಗಸು ಗಣಿತದ ಟೀಚರಾಗಿಯೂ ಒಂದೇ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಆಕೆಯ ಗಂಡ ಊರಲ್ಲಿರಲಿಲ್ಲ, ಫೋನ್ ಎತ್ತಲಿಲ್ಲ. ಆಕೆಗೆ ಅಳು, ಸಿಟ್ಟು ಎರಡೂ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಾಗೆ ಕೂತಾಗ ಆಕೆಗೆ ಒಂದು ವಿಷಯ ಹೊಳೆಯಿತು. ಒಳಗೆ ಓಡಿಹೋಗಿ ಟಿ.ವಿ. ಕೆಳಗಿನ ಡ್ರಾಯರಿನಿಂದ ಹಳೆಯ ಕಾಗದಗಳ ಒಂದು ಕಟ್ಟು ತಂದರು. ಮನೆ ಕೊಂಡ ಮೇಲೂ ಹಳೆಯ ಮಾಲೀಕರ ಹೆಸರಿಗೆ ಕಾಗದಗಳು ಬರುತ್ತಿದ್ದವು, ತಮ್ಮ ಅತ್ತೆ ಎಲ್ಲವನ್ನೂ ಎತ್ತಿಟ್ಟಿದ್ದರು ಅಂತ ಪೇದೆಗೆ ಕೊಟ್ಟರು.

ಪೇದೆ ಒಂದೊಂದೇ ಓದಿದರು. "ಶಿವಶಂಕರಯ್ಯ. ಶಿವಶಂಕರಯ್ಯ. ಮ್ಯಾಡಂ, ಇವೆಲ್ಲಾ ಅಜ್ಜಾರ ಹೆಸರಿಗೇ ಅದಾವಲ್ರಿ. ವಿಳಾಸನೂ ಇದಽ ಮನೀದು."

ಇನ್ನು ಸುಮ್ಮನಿದ್ದರೆ ಆಕೆ ತನ್ನ ಮನೆಯಿಂದಲೇ ಹೊರಗೆ ಬೀಳುವ ಹಾಗಿತ್ತು. ನಾನು ಮುರಿದ ಕೀಯ ತುಂಡನ್ನು ಚೀಲದಿಂದ ತೆಗೆದು ಪೇದೆಯ ಅಂಗೈ ಮೇಲಿಟ್ಟೆ. ಸಾರ್, ಈ ಕೀ ಈ ಬಾಗಿಲದ್ದಲ್ಲ, ಯಾವುದೋ ಹೊಸ ಫ್ಲ್ಯಾಟಿನದ್ದು, ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು, ಗೊತ್ತಿದ್ದೂ ಬೀಗ ಬದಲಾಯಿಸಿದೆ, ತಪ್ಪು ನನ್ನದು ಅಂದೆ. ಕೀ ಮಾಡುವವನ ಬಗ್ಗೆ ಒಂದು ಸಲ ಸಂಶಯ ಬಂದರೆ ಮತ್ತೆ ಯಾರೂ ಬಾಗಿಲ ಹತ್ತಿರ ಸೇರಿಸುವುದಿಲ್ಲ.

ಪೇದೆ ತುಂಡನ್ನು ನೋಡಿದರು, ಶಿವಶಂಕರಯ್ಯನವರನ್ನು ನೋಡಿದರು. ಅವರ ದನಿ ಬದಲಾಯಿತು. ಅಜ್ಜಾರ, ಮನೀ ಫೋನ್ ನಂಬರ್ ಹೇಳ್ರಿ ಅಂದರು. ಶಿವಶಂಕರಯ್ಯನವರು ಹೆಮ್ಮೆಯಿಂದ ಹೇಳಿದರು. ಒತ್ತಿ ನೋಡಿದರೆ ಅದು ಅದೇ ಮನೆಯ ಹಳೆಯ ಲ್ಯಾಂಡ್‌ಲೈನ್, ಎಂದೋ ನಿಂತುಹೋದದ್ದು. ಅಷ್ಟರಲ್ಲಿ ಟೀಚರ್ ಕಾಗದದ ಕಟ್ಟನ್ನು ತಿರುವುತ್ತಾ ಒಂದು ಲಕೋಟೆಯ ಹಿಂದೆ ಅತ್ತೆಯ ಕೈಬರಹ ಕಂಡರು. ಗಿರಿಜಮ್ಮ ಅಂತ ಬರೆದು ಒಂದು ಮೊಬೈಲ್ ನಂಬರ್. ಕಾಗದಗಳು ಬಂದರೆ ಫೋನ್ ಮಾಡಿ ಅಂತ ಮನೆ ಮಾರಿದಾಗ ಕೊಟ್ಟುಹೋಗಿದ್ದರಂತೆ. ಅತ್ತೆ ಸಾಯುವಾಗಲೂ ನೆನಪಿಸಿದ್ದರು, ತನಗೇ ಮರೆತುಹೋಗಿತ್ತು ಅಂತ ಟೀಚರ್ ಹೇಳಿದರು.

ರಾಜರಾಜೇಶ್ವರಿನಗರದ ಫ್ಲ್ಯಾಟಿನಿಂದ ಗಿರಿಜಮ್ಮ ಆಟೋದಲ್ಲಿ ಬಂದರು. ಸಣ್ಣ ಆಳು, ಬಿಳಿ ಕೂದಲು, ಹಣೆಯಲ್ಲಿ ವಿಭೂತಿ. ತರಕಾರಿ ತರುತ್ತೇನೆ ಅಂತ ಹೋದ ಗಂಡನನ್ನು ಬೆಳಿಗ್ಗೆಯಿಂದ ಹುಡುಕಿ ಸುಸ್ತಾಗಿದ್ದರು. ಯಜಮಾನರಿಗೆ ಒಂದು ವರ್ಷದಿಂದ ಮರೆವಿನ ಕಾಯಿಲೆ ಅಂತ ಬಾಗಿಲ ಹೊರಗೇ ತಗ್ಗಿದ ದನಿಯಲ್ಲಿ ನಮಗೆ ಹೇಳಿದರು. ಟೀಚರ ಕೈ ಹಿಡಿದು ಕ್ಷಮೆ ಕೇಳಿದರು. ಆಮೇಲೆ ಒಳಗೆ ಹೋಗಿ ಗಂಡನ ಪಕ್ಕ ಕೂತರು. ಇದು ನಮ್ಮ ಮನೆಯಲ್ಲ ಅಂತ ಗಿರಿಜಮ್ಮ ಹೇಳುತ್ತಾರೆ, ಹೇಳಿದರೆ ಜಗಳವಾಗುತ್ತದೆ ಅಂದುಕೊಂಡು ನಾವೆಲ್ಲ ಬಾಗಿಲಲ್ಲೇ ನಿಂತಿದ್ದೆವು.

"ಬಾಡಿಗೆಗೆ ಕೊಟ್ಟಿದೀವಲ್ರೀ, ಮರೆತ್ರಾ?" ಅಂದರು ಗಿರಿಜಮ್ಮ. "ಇವರೇ ಬಾಡಿಗೆಯವರು. ಹೇಳದೆ ಕೇಳದೆ ಬಂದು ಕೂತ್ರೆ ಹೇಗೆ?"

ಶಿವಶಂಕರಯ್ಯನವರು ಬಹಳ ಹೊತ್ತು ಟೀಚರನ್ನು ನೋಡಿದರು. ಸೋಫಾ, ಫೋಟೋಗಳು, ಸಕ್ಕರೆ ಡಬ್ಬ ಎಲ್ಲವೂ ಒಮ್ಮೆಗೇ ಸರಿಹೋದ ಹಾಗೆ ಅವರ ಮುಖ ಸಡಿಲವಾಯಿತು. ಎದ್ದು ನಿಂತು ಕೈಮುಗಿದರು.

"ತಪ್ಪು ತಿಳ್ಕೋಬೇಡಮ್ಮ. ಮನೆ ಬೇಕು ನಿಜ, ಆದ್ರೆ ಅವಸರ ಏನಿಲ್ಲ. ಮಕ್ಕಳ ಪರೀಕ್ಷೆ ಎಲ್ಲ ಮುಗಿಸಿಕೊಂಡು ನಿಧಾನವಾಗಿ ಖಾಲಿ ಮಾಡಿ."

ಆಗಲಿ ಅಂಕಲ್, ಮಾಡ್ತೀವಿ ಅಂದರು ಟೀಚರ್.

ಹೊರಡುವಾಗ ನಾನು ಕೀ ಕೇಳಿದೆ. ಮಾಲೀಕನ ಹತ್ತಿರ ಒಂದಾದರೂ ಇರಬೇಡವೇ ಅಂತ ಅವರು ಜೇಬು ಮುಚ್ಚಿಕೊಂಡರು. ಬಿಟ್ಟುಬಿಡಿ ಅಂತ ಗಿರಿಜಮ್ಮ ಕಣ್ಣಲ್ಲೇ ಹೇಳಿದರು. ಮೂರೂ ಕೀ ಅವರ ಜೊತೆಗೇ ಆಟೋ ಹತ್ತಿದವು. ಹೀರೇಕಾಯಿ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು.

ನಾನು ಆ ಬೀಗ ಕಳಚಿ, ಬೇರೆಯದನ್ನು ಟೀಚರ್ ಮನೆಗೆ ಕೂರಿಸುತ್ತಿದ್ದೆ. ಪೇದೆ ಬಂದ ದಾರಿಗೆ ಸುಂಕವಿಲ್ಲದವರಂತೆ ಹೋಗದೆ, ನನ್ನ ಹೆಸರು ವಿಳಾಸ ಬರೆದುಕೊಂಡು, ಇನ್ನು ಮುಂದೆ ಗುರುತಿನ ಚೀಟಿ ನೋಡಬೇಕು ಅಂತ ಎಚ್ಚರಿಸಿ ಹೋದರು. ಆಗ ಒಳಗೆ ಯಾರೋ ಎಣಿಸುವ ಸದ್ದು ಕೇಳಿಸಿತು. ಟೀಚರ್ ಮಹಡಿ ಮೆಟ್ಟಿಲು ಒಂದೊಂದೇ ಹತ್ತುತ್ತಿದ್ದರು. ಹದಿನಾಲ್ಕರಲ್ಲಿ ನಿಂತು, ಬಗ್ಗಿ, ಅಂಗೈ ಇಟ್ಟು ನೋಡಿದರು.

"ಹನ್ನೊಂದು ವರ್ಷದಿಂದ ಇಲ್ಲೇ ಎಡವ್ತಾ ಇದೀನಿ ಕಣ್ರೀ," ಅಂದರು. "ನನ್ನ ಕಾಲೇ ಸರಿ ಇಲ್ಲ ಅಂದ್ಕೊಂಡಿದ್ದೆ."

ಟೀಚರ್ ಮನೆಯಿಂದ ಕಳಚಿದ ಆ ಹೊಸ ಬೀಗ ಕೀ ಇಲ್ಲದೆ ನನ್ನ ಅಂಗಡಿಯ ಗೂಡಿನಲ್ಲಿ ಬಿದ್ದಿತ್ತು. ಎರಡು ತಿಂಗಳು ಕಳೆದು ಗಿರಿಜಮ್ಮ ಫೋನ್ ಮಾಡಿದರು. ಗಂಡ ವಾಕಿಂಗ್ ಮುಗಿಸಿ ಬಂದಾಗಲೆಲ್ಲ ಜೇಬಿನಲ್ಲಿದ್ದ ಕೀಯಿಂದ ಫ್ಲ್ಯಾಟಿನ ಬಾಗಿಲು ತೆಗೆಯಲು ನೋಡುತ್ತಾರಂತೆ. ಅದು ತಿರುಗುವುದಿಲ್ಲ. ಇದು ಬೇರೆ ಯಾರದ್ದೋ ಮನೆ ಅಂತ ಹೊರಗೇ ನಿಲ್ಲುತ್ತಾರೆ, ಒಳಗೆ ಕರೆದರೆ ಸಂಕೋಚಪಡುತ್ತಾರೆ. ಬೇರೆ ಕೀ ಕೊಟ್ಟರೆ ಮುಟ್ಟುವುದಿಲ್ಲ. ಆ ಕೀಯನ್ನು ಸ್ವಲ್ಪ ತೀಡಿ ನಮ್ಮ ಬಾಗಿಲಿಗೆ ಹೊಂದಿಸಲಾಗುತ್ತದಾ ಅಂತ ಕೇಳಿದರು.

ಆಗುವುದಿಲ್ಲಮ್ಮ, ಆದರೆ ಬೇರೊಂದು ಆಗುತ್ತದೆ ಅಂದೆ. ಅಷ್ಟು ವರ್ಷ ಬೀಗಕ್ಕೆ ಕೀ ಹೊಂದಿಸಿದ್ದೆ, ಕೀಗೆ ಬಾಗಿಲು ಹೊಂದಿಸಿದ್ದು ಅದೊಂದೇ ಸಲ. ಶಿವಶಂಕರಯ್ಯನವರು ವಾಕಿಂಗಿಗೆ ಹೋಗಿದ್ದ ಹೊತ್ತಿನಲ್ಲಿ ಆ ಫ್ಲ್ಯಾಟಿಗೆ ಹೋಗಿ, ಗೂಡಿನಲ್ಲಿದ್ದ ಬೀಗವನ್ನೇ ಅವರ ಬಾಗಿಲಿಗೆ ಕೂರಿಸಿದೆ. ಮರದಲ್ಲಿ ಹಳೆಯ ತೂತು ದೊಡ್ಡದಿತ್ತು, ತುಂಡು ಕೂರಿಸಿ ತೇಪೆ ಹಾಕಬೇಕಾಯಿತು. ಮುಗಿಯುವ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದು ಅವರೇ ಬಂದರು. ನನ್ನ ಗುರುತು ಸಿಗಲಿಲ್ಲ. ಬಾಗಿಲು ಎಳೆದು ಹಾಕಿ ಪಕ್ಕಕ್ಕೆ ನಿಂತೆ. ಅವರು ಜೇಬಿನಿಂದ ಕೀ ತೆಗೆದು ಹಾಕಿ ತಿರುವಿದರು. ತೆರೆಯಿತು.

ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದರು. ಸೋಫಾ ನಮ್ಮದೇ, ಅಂದರು. ಗೋಡೆಯ ಫೋಟೋಗಳನ್ನು ನೋಡಿ ತಲೆಯಾಡಿಸಿದರು.

"ಪಾಪ, ಹೇಳಿದ ಹಾಗೇ ಖಾಲಿ ಮಾಡಿದಾರೆ ಕಣೇ ಗಿರಿಜಾ. ಒಳ್ಳೆ ಜನ."

ಹೌದು, ಒಳ್ಳೆ ಜನ ಅಂದರು ಗಿರಿಜಮ್ಮ.

ನಾನು ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟೆ. ಗಿರಿಜಮ್ಮ ಲಿಫ್ಟಿನ ತನಕ ಬಂದರು. ಬಾಗಿಲು ಅರ್ಧ ತೆರೆದಿದ್ದರಿಂದ ಒಳಗೆ ಅವರು ಕೂತಿರುವುದು ಕಾಣುತ್ತಿತ್ತು. ಎರಡು ತಿಂಗಳಿಂದ ಮನೆಯೊಳಗೂ ಶೂ ಹಾಕಿಕೊಂಡೇ ಕೂತಿರುತ್ತಿದ್ದರಂತೆ, ಊಟಕ್ಕೂ, ಟಿ.ವಿ. ಮುಂದೆಯೂ, ಇನ್ನೇನು ಹೊರಡಬೇಕು ಅನ್ನುವ ಹಾಗೆ. ಎಷ್ಟು ಹೇಳಿದರೂ ಬಿಚ್ಚುತ್ತಿರಲಿಲ್ಲವಂತೆ.

"ಈಗ ನೋಡಿ," ಅಂದರು.

ನೋಡಿದೆ. ಶಿವಶಂಕರಯ್ಯನವರು ಬಗ್ಗಿ ಲೇಸು ಬಿಚ್ಚುತ್ತಿದ್ದರು.